ಅಂಚಿನ ಎರಡು ಸಾಲು

ಲಕ್ಷ್ಮೀ ನಗರ, ನಾಗಪುರ
೧೧ ಫೆಬ್ರವರಿ ೨೦೨೫

ಗಿರಿಧರ ಅವರಿಗೆ ಸೌಜನ್ಯಾಳ ನಮಸ್ಕಾರ.

ಉಮರೇಡಿನಿಂದ ನೀವು ಕಳಿಸಿದ, ನಿಮ್ಮ ಹಳೆಯ ಬಂದೂಕುಗಳ ಪುಸ್ತಕದ ಐದನೆಯ ಅಧ್ಯಾಯ ತಲುಪಿತು. ಜೊತೆಗಿದ್ದ ಹಾಳೆಯೂ ತಲುಪಿತು. ಪುಸ್ತಕ ಅಚ್ಚಿಗೆ ಹೋಗಬೇಕು, ಶುಕ್ರವಾರದೊಳಗೆ ಸಹಿ ಹಾಕಿ ಕಳಿಸು ಎಂದು ಮೂರು ಸಲ ಮೆಸೇಜು ಮಾಡಿದ್ದೀರಿ. ಎರಡು ವರ್ಷದಿಂದ ಬೇರೆ ಬೇರೆ ಇರುವ ಗಂಡ ಹೆಂಡತಿಗೆ ಮೂರು ಮೆಸೇಜು ಕಡಿಮೆಯಲ್ಲ. ಆದರೆ ಇದರ ಉತ್ತರವನ್ನು ಫೋನಿನಲ್ಲಿ ಬರೆಯಲು ನನ್ನಿಂದಾಗಲಿಲ್ಲ.

ಹಾಳೆಯಲ್ಲಿರುವುದು ಒಂದೇ ವಾಕ್ಯ. ನಿಮ್ಮ ಅಜ್ಜ ರುದ್ರಪ್ಪನವರ ರೈಫಲ್ ಬಗ್ಗೆ ಇಂಗ್ಲೆಂಡಿನ ತಯಾರಕರಿಗೆ ನಾನು ಬರೆದು ಕೇಳಿದ್ದೆ, ಆ ನಂಬರಿನ ದಾಖಲೆ ತಮ್ಮ ರಿಜಿಸ್ಟರಿನಲ್ಲಿ ಉಳಿದಿಲ್ಲವೆಂದು ಅವರು ತಿಳಿಸಿದರು, ಎಂದು. ಇದಕ್ಕೆ ನಾನು ಸಹಿ ಹಾಕುವುದಿಲ್ಲ. ಅದು ಸುಳ್ಳು. ನಿಮ್ಮ ಸುಳ್ಳಲ್ಲ, ನನ್ನದು. ದಾಖಲೆ ಉಳಿದಿದೆ. ಅದರ ಪ್ರತಿ ೨೦೧೯ರ ಮಾರ್ಚಿನಲ್ಲೇ ನನ್ನ ಕೈ ಸೇರಿತ್ತು.

ನಮ್ಮ ಭಾನುವಾರಗಳು ನಿಮಗೆ ನೆನಪಿರಬೇಕು. ಊಟದ ಮೇಜಿನ ಮೇಲೆ ನನ್ನ ಹಳೆಯ ಸೀರೆ ಹಾಸಿ ನೀವು ರೈಫಲ್ ಮಲಗಿಸುತ್ತಿದ್ದಿರಿ. ಗುಂಡು ತುಂಬುವ ಬೋಲ್ಟನ್ನು ಹಿಂದಕ್ಕೆಳೆದು, ಪೂರ್ತಿ ಹೊರತೆಗೆದು, ನನ್ನ ಅಂಗೈಯಲ್ಲಿಡುತ್ತಿದ್ದಿರಿ. ನಾನು ಭೂತಗನ್ನಡಿ ಹಿಡಿದು ಅದರ ಮೇಲಿನ ನಂಬರನ್ನೂ ನಳಿಗೆಯ ಅಡಿಯ ಮುದ್ರೆಗಳನ್ನೂ ಓದಿ, ಬಂದೂಕುಗಳ ಬಗ್ಗೆ ನೀವು ಕೂಡಿಟ್ಟ ಆ ನಲವತ್ತು ದಪ್ಪ ಪುಸ್ತಕಗಳಲ್ಲಿ ಹುಡುಕುತ್ತಿದ್ದೆ. ತಯಾರಕರಿಗೆ ಬರೆಯುವ ಸರದಿ ಬಂದರೆ, "ನೀ ಕಾನ್ವೆಂಟಿನಾಕಿ, ನೀನ ಬರಿ" ಎನ್ನುತ್ತಿದ್ದಿರಿ. ರಿಜಿಸ್ಟರಿನ ಅಂಚಿನಲ್ಲಿ ಏನಾದರೂ ಗೀಚಿದ್ದರೆ ಅದನ್ನೂ ನಕಲು ಮಾಡಿ ಕಳಿಸಿ ಎಂದು ಕೇಳಲು ಮರೆಯಬಾರದು, ಇಲ್ಲವಾದರೆ ಬರೀ ಮುಖ್ಯ ಸಾಲು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ ಎಂದು ಕಲಿಸಿದವರೂ ನೀವೇ. ನಾನು ಕೇಳಿದೆ. ಕೇಳದೆ ಇದ್ದಿದ್ದರೆ ಇನ್ನೂ ಒಂದೇ ಮನೆಯಲ್ಲಿರುತ್ತಿದ್ದೆವೋ ಏನೋ.

ಮುಖ್ಯ ಸಾಲಿನಲ್ಲಿ ರೈಫಲ್ ಕೊಂಡವರ ಹೆಸರಿದೆ, ಅಜ್ಜ ಯಾರ ಕೈಕೆಳಗೆ ಆರ್ಡರ್ಲಿಯಾಗಿದ್ದರೋ ಆ ಅರಣ್ಯ ಇಲಾಖೆಯ ಸಾಹೇಬರದು. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲು: ೧೯೩೬ರ ನವೆಂಬರಿನಲ್ಲಿ ಉಮರೇಡಿನ ಬಂಗಲೆಯಿಂದ ಕಳುವಾಗಿದೆ, ಅಡಿಗೆಯವನಿಗೆ ಶಿಕ್ಷೆಯಾಗಿದೆ. ರೈಫಲ್ ಸಿಕ್ಕಿಲ್ಲ, ಇದೇ ಅಳತೆಯ ಇನ್ನೊಂದನ್ನು ಕಳಿಸಲಾಯಿತು.

ಸಿಗದ ಆ ರೈಫಲ್ ನನ್ನ ಸೀರೆಯ ಮೇಲೆ ಮಲಗಿತ್ತು.

ಅತ್ತೆಯವರು ಹೇಳುತ್ತಿದ್ದ ಕಥೆ ನನಗೆ ಬಾಯಿಪಾಠ. ಧಾರವಾಡದ ಕಡೆಯಿಂದ ಸಾಹೇಬರ ಬೆನ್ನು ಹತ್ತಿ ಬಂದ ರುದ್ರಪ್ಪಜ್ಜ ಸಾಹೇಬರ ಮೈಮೇಲೆ ಎರಗಿದ ಹುಲಿಯನ್ನು ಅವರದೇ ರೈಫಲ್‌ನಿಂದ ಹೊಡೆದದ್ದು, ಸಾಹೇಬರು ಮೆಚ್ಚಿ ಅದನ್ನೇ ಬಹುಮಾನ ಕೊಟ್ಟದ್ದು. ನಡುವೆ, ಬಂದವರನ್ನು ನಗಿಸಲು, ಒಂದು ತುಣುಕು. "ಅದ ಬಂಗ್ಲೆದಾಗ ನರಹರಿ ಅಂತ ಅಡಿಗಿಯಂವ ಇದ್ದ. ಸಾಹೇಬ್ರ ಸಾಮಾನ ಕದ್ದು ಜೇಲಿಗೆ ಹೋದ. ಒಬ್ಬಂವಗ ಬಂದೂಕ, ಇನ್ನೊಬ್ಬಂವಗ ಬೇಡಿ! ನಸೀಬ ನೋಡ್ರಿ." ನರಹರಿ ಕದ್ದ ಸಾಮಾನು ಯಾವುದೆಂದು ಎಂಬತ್ತು ವರ್ಷ ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಇನ್ನೊಂದು ಮಾತಿಗೆ ನಿಮಗೆ ಸಿಟ್ಟು ಬರಬಹುದು. ರೈಫಲ್‌ನ ಮರದಲ್ಲಿ ಕೂರಿಸಿದ ಬೆಳ್ಳಿ ಬಿಲ್ಲೆಯ ಮೇಲೆ ಮಾಲೀಕನ ಹೆಸರಿನ ಅಕ್ಷರಗಳಿರುತ್ತವೆ. ಪುಣೆಯ ನಿಮ್ಮ ಸಂಗ್ರಾಹಕ ಗೆಳೆಯ ಚಂದನ್ ಒಮ್ಮೆ ಅಕ್ಷರ ಉಜ್ಜಿದ ರೈಫಲ್ ತಂದಾಗ ನೀವು ಬಿಲ್ಲೆಯ ಮೇಲೆ ಹೆಬ್ಬೆರಳಾಡಿಸಿ, "ಕೊಟ್ಟ ಮಾಲಿನ ಮ್ಯಾಲೆ ಹೆಸರು ಬರಸ್ತಾರ, ಕದ್ದ ಮಾಲಿನ ಮ್ಯಾಲಿಂದ ಹೆಸರು ತಗಸ್ತಾರ. ಇದನ್ನ ಜಲ್ದಿ ದಾಟಸ್ರಿ" ಎಂದಿರಿ. ಅಜ್ಜನ ರೈಫಲ್‌ನ ಬಿಲ್ಲೆಯನ್ನೂ ಯಾರೋ ಹಾಗೆಯೇ ಅರದಿಂದ ಉಜ್ಜಿದ್ದಾರೆ. ಗೀರುಗಳು ನನ್ನ ಭೂತಗನ್ನಡಿಗೆ ಕಂಡವು, ನಿಮ್ಮ ಹೆಬ್ಬೆರಳಿಗೆ ಹತ್ತಲಿಲ್ಲ. "ದೀರ್ಘಕಾಲದ ಪ್ರೀತಿಯ ಬಳಕೆಯಿಂದ ಸವೆದಿದೆ" ಎಂದು ಅಧ್ಯಾಯದಲ್ಲಿ ಬರೆದಿದ್ದೀರಿ.

ಉತ್ತರ ಬಂದ ಸಂಜೆ ನೀವು ಗಣಿಯ ಡ್ಯೂಟಿ ಮುಗಿಸಿ ಬಂದು, ಬೂಟು ಬಿಚ್ಚುವ ಮುಂಚೆಯೇ "ಬಂತೇನ?" ಎಂದಿರಿ. ಬಂತು, ಏನೂ ಉಳಿದಿಲ್ಲವಂತೆ ಎಂದೆ. ನಿಮ್ಮ ಮುಖ ಸಣ್ಣದಾಯಿತು. ಅಷ್ಟಕ್ಕೇ ಹೀಗಾದವರು ಅಂಚಿನ ಸಾಲು ಓದಿದರೆ ಏನಾಗುತ್ತಾರೋ ಎಂದು ಹೆದರಿದೆ. ಅದನ್ನು ಪ್ರೀತಿ ಎಂದುಕೊಂಡೆ. ಮೊದಲ ಕೆಲವು ತಿಂಗಳು ಅದು ಪ್ರೀತಿಯೇ ಆಗಿತ್ತು ಎಂದು ಈಗಲೂ ನಂಬಲು ನೋಡುತ್ತೇನೆ.

ಆಮೇಲೆ ಏನಾಯಿತೆಂದು ಹೇಳುತ್ತೇನೆ. ಅತ್ತೆಯವರು ನೆಂಟರೆದುರಿಗೆ, "ನಮ್ಮ ಮನ್ಯಾಗ ಹುಲಿ ಹೊಡದ ಬಂದೂಕ ಐತಿ. ನಿಮ್ಮಪ್ಪನ ಮನ್ಯಾಗ ಏನೈತವಾ? ರೇಲ್ವೆ ಟೈಮ್‌ಟೇಬಲ್ಲು!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನೀವೂ. ಮೂವತ್ತೆಂಟು ವರ್ಷ ರೈಲ್ವೆ ಗುಮಾಸ್ತರಾಗಿದ್ದ ನನ್ನಪ್ಪ ಒಮ್ಮೆ ಅಲ್ಲೇ ಕೂತು ತಾವೂ ನಕ್ಕರು. ಮೊದಲೆಲ್ಲ ನಾನು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ. ಪತ್ರ ಬಂದ ಮೇಲೆ ಅಳುವುದು ನಿಂತಿತು. ಒಲೆಯ ಮುಂದೆ ನಿಂತು ಆ ಎರಡು ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡು, ಚಹಾ ಸೋಸಿ, ಅತ್ತೆಯವರಿಗೇ ಮೊದಲು ಕೊಡುತ್ತಿದ್ದೆ. ಅವರು ತೀರಿಕೊಳ್ಳುವವರೆಗೂ ಎದುರು ಮಾತಾಡದ ಸೊಸೆ ಎಂದು ಇಲ್ಲಿಯ ನಮ್ಮ ಕನ್ನಡದವರೆಲ್ಲ ನನ್ನನ್ನು ಹೊಗಳಿದರು. ನಿಮ್ಮನ್ನು ಕಾಪಾಡುತ್ತಿದ್ದೆನೋ, ಆ ಕಾಗದದ ಬಲದ ಮೇಲೆ ನಾನೇ ಬದುಕುತ್ತಿದ್ದೆನೋ?

ಆದರೂ ಕಥೆ ಕೇಳುತ್ತ ಕೂರುವುದು ಆಗುತ್ತಿರಲಿಲ್ಲ. ಎದ್ದು ಹೋಗುತ್ತಿದ್ದೆ. ಚಂದನ್ ಕೊನೆಯ ಸಲ ಬಂದ ಸಂಜೆ ನೀವು ಶುರು ಮಾಡಿದಿರಿ, ನಾನು ಒಳಗೆ ಹೋಗಿ ಮಿಕ್ಸರ್ ಹಾಕಿದೆ. ಅವರು ಹೋದ ಮೇಲೆ ನೀವು, "ಹುಲಿ ಸಾಯೂ ಹೊತ್ತಿಗೆ ಬರೋಬರ್ ಮಿಕ್ಸರ್ ಹಚ್ಚತಿ. ನಮ್ಮ ಮನಿತನ ಅಂದ್ರ ನಿನಗ ಅಷ್ಟು ಹೇಸಿಗಿ ಆಗೇತೇನ?" ಎಂದಿರಿ. ಚಟ್ನಿ ರುಬ್ಬುತ್ತಿದ್ದೆ ಎಂದೆ. "ಮಿಕ್ಸರ್‌ನ್ಯಾಗ ಏನೂ ಇರಲಿಲ್ಲ. ನಾ ನೋಡೇನಿ" ಎಂದಿರಿ. ಮುಂದಿನ ತಿಂಗಳು ಉಮರೇಡಿನಲ್ಲಿ ಗಣಿಯ ಕ್ವಾರ್ಟರ್ಸ್ ತೆಗೆದುಕೊಂಡಿರಿ. ನಿಮ್ಮ ಮನೆತನಕ್ಕೆ ಪೆಟ್ಟಾಗಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ, ನೀವು ಆ ಬಾಯಿ ಮುಚ್ಚಿದ್ದನ್ನೇ ತಾತ್ಸಾರವೆಂದು ತಿಳಿದು ಹೋದಿರಿ. ತಪ್ಪು ತಿಳಿದಿರಿ ಎನ್ನಲು ನನಗೆ ಪೂರ್ತಿ ಧೈರ್ಯವಿಲ್ಲ.

ಪುಸ್ತಕ ನಿಲ್ಲಿಸಿ ಎನ್ನುತ್ತಿಲ್ಲ. ಉಳಿದ ಅಧ್ಯಾಯಗಳು ಚೆನ್ನಾಗಿವೆ. ಅವುಗಳಲ್ಲಿ ಅರ್ಧ ನನ್ನ ಕೆಲಸ, ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಐದನೆಯದನ್ನು ಮಾತ್ರ ಮತ್ತೆ ಬರೆಯಿರಿ. ಅಜ್ಜನೇ ಕದ್ದರೋ, ಕದ್ದವರಿಂದ ಪಡೆದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆಯಿರಿ, ಅಂಚಿನ ಸಾಲುಗಳನ್ನು ಇದ್ದ ಹಾಗೆ ಹಾಕಿ, ಅದಕ್ಕೆ ಸಹಿ ಹಾಕುತ್ತೇನೆ. ಬರೆಯಲಾರೆ ಎಂದರೆ ಅಧ್ಯಾಯ ಕಿತ್ತುಹಾಕಿ, ವಿಷಯ ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ. ತಯಾರಕರ ಉತ್ತರದ ನಕಲನ್ನೂ ಸಹಿಯಿಲ್ಲದ ನಿಮ್ಮ ಹಾಳೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇನ್ನೂ ನಿಮ್ಮ ಮನೆಯ ಹೆಸರನ್ನೇ ಬರೆಯುತ್ತಿರುವ
ಸೌಜನ್ಯಾ

ತಾ.ಕ.: ನಮ್ಮಿಬ್ಬರ ನಡುವೆ ಉಳಿಯುತ್ತದೆ ಎಂದು ಮೇಲೆ ಬರೆದದ್ದು ನಿಜವಲ್ಲ. ನಿನ್ನೆ ಹಳೇ ನಾಗಪುರದ ಮಹಾಲ್ ಬಡಾವಣೆಗೆ ಹೋಗಿದ್ದೆ. ನರಹರಿಯ ಮನೆಯವರು ಅಲ್ಲೇ ಇದ್ದಾರೆಂದು ಅತ್ತೆಯವರು ಎಂದೋ ಅಂದಿದ್ದರು. ಓಣಿಯ ಬಾಯಲ್ಲಿ ಸ್ಕೂಟರ್ ಒರೆಸುತ್ತಿದ್ದವನನ್ನು ಕೇಳಿದೆ. "ಬಂದೂಕ್‌ಚೋರಾಂಚ್ಯಾ ಘರೀ ಕಾ?" ಎಂದ, ಬಂದೂಕು ಕಳ್ಳರ ಮನೆಗಾ ಎಂದು. ಅವನಿಗೆ ಅದು ಬೈಗುಳವಲ್ಲ, ವಿಳಾಸ. ಬಾಗಿಲು ತೆರೆದವಳು ನರಹರಿಯ ಮರಿಮಗಳು ನೇಹಾ, ಶಾಲೆಯ ಟೀಚರ್. ಗೋಡೆಯ ಮೇಲೆ ಅವಳ ಅಜ್ಜನ ಫೋಟೋ ಇತ್ತು. ಅಪ್ಪ ನರಹರಿ ಜೇಲಿಗೆ ಹೋದಾಗ ಅವರು ಎರಡು ವರ್ಷದ ಕೂಸಂತೆ. ತೊಂಬತ್ತು ತುಂಬಿ, ಹೋದ ದೀಪಾವಳಿಗೆ ತೀರಿಕೊಂಡರಂತೆ, ಅಲ್ಲಿಯವರೆಗೂ ಅಪ್ಪ ಕಳ್ಳನಲ್ಲ ಎನ್ನುವ ಒಂದು ಕಾಗದವನ್ನು ಯಾರಾದರೂ ತಂದು ಕೊಡುತ್ತಾರೆಂದು ಕಾಯುತ್ತಿದ್ದರಂತೆ. ಮೂಲ ಪತ್ರವನ್ನು ಅವಳ ಕೈಗೆ ಕೊಟ್ಟು, ರೈಫಲ್ ಎಲ್ಲಿದೆ ಎಂದೂ ಹೇಳಿದೆ. ಅವಳು ಎರಡು ಸಲ ಓದಿದಳು. ಮೇಲಿನ ೨೦೧೯ರ ತಾರೀಖನ್ನು ಬೆರಳಿನಿಂದ ಮುಟ್ಟಿ, ಇದು ನಿಮಗೆ ಯಾವಾಗ ಸಿಕ್ಕಿತು ಕಾಕೂ ಎಂದು ಕೇಳಿದಳು. ಹೋದ ವಾರ, ಹಳೆಯ ಪುಸ್ತಕದೊಳಗೆ ಸಿಕ್ಕಿತು ಎಂದೆ.