ಹತ್ತು ಕಡೆ ಅದೇ ತಪ್ಪು

ಸೆಪ್ಟೆಂಬರ್ 3, ಮಂಗಳವಾರ

ಬಸ್ಸು ಇವತ್ತೂ ತಡ. ಉಪ್ಪುಂದದಿಂದ ಕುಂದಾಪುರದವರೆಗೂ ನಿಂತೇ ಹೋದೆ. ಸೆಕೆಂಡ್ ಬಿಕಾಂನವರಿಗೆಲ್ಲ ಲೈಬ್ರರಿ ಕ್ಲಾಸ್ ಕಡ್ಡಾಯವಂತೆ. ಮಾಹಿತಿ ಹುಡುಕುವುದು ಹೇಗೆ, ಯಾವುದನ್ನು ನಂಬಬೇಕು… ಲೈಬ್ರೇರಿಯನ್ ಸ್ನೇಹಲತಾ ಮೇಡಂ ಅಸೈನ್‌ಮೆಂಟ್ ಕೊಟ್ಟರು. ಎಲ್ಲರೂ ನಿಜ ಎಂದುಕೊಂಡ ಒಂದು ಮಾತು ಆರಿಸಿ, ಅದನ್ನು ಮೊದಲು ಹೇಳಿದ್ದು ಯಾರು ಎಂದು ಪತ್ತೆ ಮಾಡಬೇಕು. ಸೋಮವಾರದೊಳಗೆ. ಬೋರು.

ಸಂಜೆ ಬಸ್‌ಸ್ಟಾಪಿನ ನಾಯಿಮರಿಗೆ ಬಿಸ್ಕತ್ತು ಕೊಡಲು ಹೋದರೆ ಬೆರಳಿಗೇ ಬಾಯಿ ಹಾಕಿತು. ಬಿಡಲೇ ಇಲ್ಲ. ಪಕ್ಕದ ಮನೆಯ ಜಲಜಕ್ಕ ಮೀನಿನ ಬುಟ್ಟಿ ಇಳಿಸಿ ಓಡಿಬಂದು ಬಿಡಿಸಿದರು. ಅವರ ಮಣಿಕಟ್ಟಿಗೂ ಹಲ್ಲು ತಾಗಿತು. "ಎಂತ ಆತಿಲ್ಲ ಹೆಣೆ, ಮರಿ ಅಲ್ದಾ" ಅಂದರು. ಒಂದು ಹನಿ ರಕ್ತ. ಕರ್ಚೀಫಿನಲ್ಲಿ ಒರೆಸಿದೆ. ಅಮ್ಮನಿಗೆ ಹೇಳಲಿಲ್ಲ. ಬೈಯುತ್ತಾಳೆ.

ಸೆಪ್ಟೆಂಬರ್ 6, ಶುಕ್ರವಾರ

ಆ ಮರಿ ಸತ್ತಿದೆ. ಬಸ್ಸಿನ ಕಂಡಕ್ಟರ್ ಹೇಳಿದ — ನಿನ್ನೆಯಿಡೀ ಜೊಲ್ಲು ಸುರಿಸುತ್ತ ಕಂಬ, ಟಯರು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತಂತೆ. "ಹುಚ್ಚ್ ಹಿಡ್ದಿತ್ ಕಾಣ್ತ್."

ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಫೋನ್ ಹಿಡಿದು ಹುಡುಕಿದೆ. ಮೊದಲು ಬಂದದ್ದೇ ಒಂದು ವಿಡಿಯೊ. ಕಚ್ಚಿದ ಒಂದು ದಿನದೊಳಗೆ ಲಸಿಕೆ ಹಾಕಿಸದಿದ್ದರೆ ಆಮೇಲೆ ಹಾಕಿಸಿ ಪ್ರಯೋಜನವಿಲ್ಲ. ಕೆಳಗೆ ಕೆಳಗೆ ಹೋದೆ. ಎಲ್ಲ ಕಡೆ ಅದೇ. ಒಂದು ದಿನ. ನನಗೆ ಮೂರಾಯಿತು.

ಇನ್ನೊಂದು ಕಡೆ — ರೇಬೀಸಿನ ಲಕ್ಷಣ ಶುರುವಾದ ಮೇಲೆ, ನೀರು ಗಂಟಲಲ್ಲಿ ಇಳಿಯದಾದ ಮೇಲೆ ಉಳಿಯುವುದಿಲ್ಲ.

ನೀರು ಕುಡಿದು ನೋಡಿದೆ. ಇಳಿಯಿತು. ಮತ್ತೆ ಕುಡಿದೆ.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಚೌತಿ. ಅಮ್ಮ ಮಾಡಿದ ಕಡುಬು ಬಾಯಿಗಿಟ್ಟರೆ ಗಂಟಲಲ್ಲಿ ಏನೋ ಹಿಡಿದ ಹಾಗೆ. ಹೆದರಿಕೆಯೋ, ಅದೇ ರೋಗವೋ. ಅಮ್ಮ ಹಣೆ ಮುಟ್ಟಿ, "ಜ್ವರ ಇಲ್ಲೆ. ಎಂತ ಆಯ್ತೆ ನಿಂಗೆ?" ಅಂದಳು. ನನ್ನ ಎಂಜಲು ಯಾರಿಗೂ ತಾಗಬಾರದು ಎಂದು ತಟ್ಟೆ ನಾನೇ ತೊಳೆದೆ.

ಆಸ್ಪತ್ರೆಗೆ ಹೋಗಿ ಏನು ಮಾಡುವುದು? ತಡವಾಯಿತು ಎಂದು ಅವರ ಬಾಯಲ್ಲೂ ಕೇಳುವುದಕ್ಕೆ? ನನ್ನಿಂದಾಗದು.

ಸೆಪ್ಟೆಂಬರ್ 9, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಸೈನ್‌ಮೆಂಟಿಗೆ ಬೇರೆ ಮಾತು ತೋಚಲೇ ಇಲ್ಲ. ಒಂದು ದಿನದ ಆ ವಾಕ್ಯವನ್ನೇ ಬರೆದು ಕೊಟ್ಟೆ. ಸ್ನೇಹಲತಾ ಮೇಡಂ ಓದಿ, "ಎಲ್ಲಿ ಸಿಕ್ಕಿತು?" ಎಂದರು.

"ಹತ್ತು ಕಡೆ ಉಂಟು ಮೇಡಂ."

"ಹುಡುಕಿದ್ದು ಏನಂತ?"

"ನಾಯಿ ಕಚ್ಚಿ ತಡವಾದರೆ ಸಾವು…"

"ಸಾವು ಅಂತ ಹುಡುಕಿದರೆ ಸಾವೇ ಸಿಗುತ್ತದೆ. ಬಾ, ಕೂತುಕೋ."

ಹತ್ತೂ ಪುಟ ಸಾಲಾಗಿ ತೆರೆದರು. ಒಂದೊಂದರಲ್ಲೂ 'ಲಸಿಕೆ' ಬದಲು 'ಲಿಸಿಕೆ' ಎಂದೇ ಇತ್ತು. ಹತ್ತು ಕಡೆಯೂ ಅದೇ ತಪ್ಪು. "ಹತ್ತು ಜನ ಹೇಳಿದ್ದಲ್ಲ ಇದು. ಒಬ್ಬ ಬರೆದದ್ದನ್ನು ಒಂಬತ್ತು ಜನ ಎತ್ತಿ ಹಾಕಿದ್ದು." ತಾರೀಕು ನೋಡುತ್ತ ಹಿಂದೆ ಹಿಂದೆ ಹೋದರೆ ಸಿಕ್ಕಿದ್ದು ಆ ವಿಡಿಯೊ, ಅದರ ಕೆಳಗಿನ ಬರಹದಲ್ಲೂ 'ಲಿಸಿಕೆ'. ಮಾತಾಡುವವನ ಹೆಸರಿಲ್ಲ, ಓದಿದ್ದು ಏನೆಂದೂ ಇಲ್ಲ. ಕೆಳಗೆ ಬೇರಿನ ಪುಡಿ ಮಾರುವ ಫೋನ್ ನಂಬರು. ಆಮೇಲೆ ಮೇಡಂ ಆರೋಗ್ಯ ಇಲಾಖೆಯ ವೈದ್ಯರಿಗಾಗಿ ಇರುವ ಮಾರ್ಗಸೂಚಿ ತೆರೆದು ಆ ಸಾಲಿನ ಕೆಳಗೆ ಬೆರಳಿಟ್ಟರು. ಎಷ್ಟು ದಿನ ಕಳೆದಿದ್ದರೂ ಲಸಿಕೆ ಶುರುಮಾಡಲೇಬೇಕು.

ಕಣ್ಣು ಮಂಜಾಯಿತು. ಮೇಡಂ ನನ್ನ ಮುಖ ನೋಡಿದರು. "ಅಕ್ಷಯಾ, ಕೈ ತೋರಿಸು."

ಲೈಬ್ರರಿಗೆ ಬೀಗ ಹಾಕಿ ಆಟೋ ಹತ್ತಿಸಿದರು. ಆಸ್ಪತ್ರೆಯಲ್ಲಿ ಗಾಯ ಸೋಪು ಹಾಕಿ ತೊಳೆಸಿದರು. ತೋಳಿಗೆ ಒಂದು ಸೂಜಿ, ಬೆರಳಿನ ಗಾಯದ ಸುತ್ತ ಇನ್ನೊಂದು ಮದ್ದು ಚುಚ್ಚಿದರು. ಪ್ರಾಣ ಹೋದಂತಾಯಿತು. ಡಾಕ್ಟರು ಕೇಳಿದರು — "ಆ ಮರಿ ಬೇರೆ ಯಾರಿಗಾದರೂ ಕಚ್ಚಿದೆಯಾ?"

ಜಲಜಕ್ಕ.

ಸೆಪ್ಟೆಂಬರ್ 10, ಮಂಗಳವಾರ

ನಿನ್ನೆಯೇ ಅಮ್ಮನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬಾಗಿಲಲ್ಲೇ ಕುಸಿದು ಕೂತಳು. ಅದೇ ಹೆಚ್ಚು ಹೆದರಿಸಿತು.

ಇಬ್ಬರೂ ಜಲಜಕ್ಕನ ಮನೆಗೆ ಹೋದೆವು. ಮಣಿಕಟ್ಟಿಗೆ ಬಟ್ಟೆ. ಅದೇ ವಿಡಿಯೊದ ಪುಡಿ — ಶುಕ್ರವಾರವೇ ಆರ್ಡರ್ ಮಾಡಿ, ನಿನ್ನೆ ಪಾರ್ಸೆಲ್ ಬಂದ ಕೂಡಲೇ ಕಲಸಿ ಕಟ್ಟಿಕೊಂಡಿದ್ದಾರೆ.

"ಈಗ ಸೂಜಿ ಹಾಕ್ಸ್ರೆ ಪುಡಿ ಕೆಲ್ಸ ಮಾಡುದಿಲ್ಲಂಬ್ರ್."

ಮಾರ್ಗಸೂಚಿ ತೋರಿಸಿದೆ. ಮುಖ ತಿರುಗಿಸಿದರು. "ನಿನ್ ಫೋನಂಗೊಂದ್ ಇತ್ತ್, ನನ್ ಫೋನಂಗೊಂದ್ ಇತ್ತ್. ಯಾವ್ದ್ ನಂಬುದ್ ಹೇಳ್?"

ನನಗಾಗಿ ಕೈಯೊಡ್ಡಿದವರು ಅವರು. ನಾನು ಸೂಜಿ ಹಾಕಿಸಿಕೊಂಡು ಬಂದಿದ್ದೇನೆ.

ಸೆಪ್ಟೆಂಬರ್ 11, ಬುಧವಾರ

ಮತ್ತೆ ಹೋದೆ. ಈ ಸಲ ಏನೂ ತೋರಿಸಲಿಲ್ಲ. "ಆ ನಂಬರಿಗ್ ನೀವೇ ಫೋನ್ ಮಾಡಿ ಜಲಜಕ್ಕ. ಗುಣ ಆದವ್ರ್ ಒಬ್ರ್ ಹೆಸ್ರ್ ಕೇಣಿ" ಅಂದೆ. ಮಾಡಿದರು. ಸ್ಪೀಕರ್ ಹಾಕಿದರು.

"ಹ್ವಾಯ್, ನಿಮ್ ಪುಡಿಯಂಗೆ ಬದ್ಕಿದವ್ರ್ ಒಬ್ರ್ ಹೆಸ್ರ್ ಹೇಳಿ."

"ಬಹಳ ಜನ ಇದ್ದಾರಮ್ಮ."

"ಒಬ್ರ್ ಸಾಕ್."

"ನಿಮ್ಮ ಆರ್ಡರ್ ನಂಬರ್ ಹೇಳಿ."

"ನೀವ್ ಡಾಕ್ಟ್ರಾ?"

"ನಾನು ಪಾರ್ಸೆಲ್ ಕಳಿಸುವವನು, ಅಷ್ಟೇ." ಫೋನ್ ಕಟ್.

ಜಲಜಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ, "ನಾಳೆ ಬಸ್ ಎಷ್ಟೊತ್ತಿಗೆ?"

ಸೆಪ್ಟೆಂಬರ್ 12, ಗುರುವಾರ — ವಾಪಸ್ ಬಸ್ಸಿನಲ್ಲಿ

ನನಗೆ ಎರಡನೆಯ ಸೂಜಿ. ಜಲಜಕ್ಕನಿಗೆ ಮೊದಲನೆಯದು, ಮಣಿಕಟ್ಟಿನ ಸುತ್ತ ಮದ್ದೂ ಆಯಿತು. ಬಟ್ಟೆ ಬಿಚ್ಚುವಾಗ ನೋಡಲಾಗಲಿಲ್ಲ. ಪುಡಿ ತಾಗಿದಲ್ಲೆಲ್ಲ ಚರ್ಮ ಸುಟ್ಟು ಎದ್ದಿದೆ. ಆಗ ಹೇಳಿದರು, ಡಾಕ್ಟರಿಗೆ, ನನ್ನ ಕಡೆ ನೋಡದೆ — "ಮೊನ್ನೆಯಿಂದ ಕೈ ಜುಂ ಅಂತಿತ್ತ್."

ಡಾಕ್ಟರು ಪೆನ್ನು ಕೆಳಗಿಟ್ಟರು. ತುಂಬಾ ಪ್ರಶ್ನೆ ಕೇಳಿದರು. ಕೊನೆಗೆ, ಸುಟ್ಟ ಗಾಯದ್ದಿರಬಹುದು, ರೋಗ ಶುರುವಾಗುವುದೂ ಹೀಗೆಯೇ, ಈಗಲೇ ಹೇಳಲಿಕ್ಕಾಗುವುದಿಲ್ಲ, ಸ್ವಲ್ಪ ಹೆಚ್ಚಾದರೂ ಕೂಡಲೇ ಬರಬೇಕು ಎಂದರು. ಸುಟ್ಟದ್ದೇ ಇರಬಹುದು. ಹೊರಗೆ ಬಂದು ಸ್ನೇಹಲತಾ ಮೇಡಂಗೆ ಫೋನ್ ಮಾಡಿ ಕೇಳಿದೆ. ಅವರೂ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಮಗಾ. ಇದು ಹುಡುಕಿದರೆ ಸಿಗುವುದಲ್ಲ. ಅವರ ಜೊತೆ ಇರು."

ಜಲಜಕ್ಕ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಾರೆ. ಮೈ ಬೆಚ್ಚಗಿದೆ. ಸೂಜಿಗೂ ಜ್ವರ ಬರುತ್ತದಂತೆ, ನರ್ಸ್ ಹೇಳಿದ್ದರು. ಆ ಕೈ ನನ್ನ ಮಡಿಲಲ್ಲಿದೆ. ಬೆರಳು ಆಗಾಗ ಅದುರುತ್ತದೆ… ರಸ್ತೆ ಸರಿಯಿಲ್ಲ, ಅದಕ್ಕೇ ಇರಬೇಕು. ಉಪ್ಪುಂದ ಬಂತು. ಎಬ್ಬಿಸಬೇಕು. ಒಮ್ಮೆ ಕರೆದೆ, ಏಳಲಿಲ್ಲ, ಪುಸ್ತಕ ಮುಚ್ಚಿ ಇನ್ನೊಮ್ಮೆ ಕರೆಯಬೇಕು —