ಕರುಣಾ ಟೀಚರ್ ಹಾಡದ ಸಾಲು

ಕರುಣಾ ಟೀಚರ್,

2013ರ ಈ ಜೂನಿನಲ್ಲಿ, ಠಾಣೆ ಊರಿನ ನಮ್ಮ ಶಾಲೆಯ ಚರಿತ್ರೆಯಿಂದ ನಿಮ್ಮ ಹೆಸರನ್ನು ತೆಗೆದುಹಾಕಿದರು. ನಿನ್ನೆ ಶತಮಾನೋತ್ಸವಕ್ಕೆ ಹೋದಾಗ ಗೊತ್ತಾಯಿತು. ಹೊಸ ಅಮೃತಶಿಲೆಯ ಫಲಕದಲ್ಲಿ ಶಾಲೆ ಕಟ್ಟಿದ ಪ್ರೆಸ್ಬಿಟೇರಿಯನ್ ಪಾದ್ರಿಗಳಿದ್ದಾರೆ, ಈಗಿನ ಟ್ರಸ್ಟಿಗಳಿದ್ದಾರೆ. ಹುಡುಗರ ಶಾಲೆಗೆ ಹಟ ಹಿಡಿದು ಹುಡುಗಿಯರನ್ನು ಸೇರಿಸಿದ ಮುಖ್ಯೋಪಾಧ್ಯಾಯಿನಿ ನೀವು ಮಾತ್ರ ಇಲ್ಲ. ‘ಸಹಶಿಕ್ಷಣ: ಟ್ರಸ್ಟಿನ ದೂರದೃಷ್ಟಿ’ ಎಂದು ಕೆತ್ತಿದ್ದಾರೆ.

ನನ್ನ ಜೊತೆ ಓದಿದ ಸುಲೋಚನಾ ಅದನ್ನು ಓದಿ, “ಏ ತಾಯಿ ಮರಗಮ್ಮ, ವರ್ತಕ ನಗರದ ನಮ್ಮ ಚಾಳಿನ ಮನಿಗೆ ಬಂದು, ಹುಡುಗೀನ ಸಾಲಿಗೆ ಕಳಸು ಅಂತ ನಮ್ಮವ್ವನ ಕೂಡ ಜಗಳಾಡಿದ್ದು ಟ್ರಸ್ಟಿ ಏನ?” ಎಂದಳು.

ಟ್ರಸ್ಟಿಯೊಬ್ಬರನ್ನು ಕೇಳಿದೆ. “ಜಗಾ ಕಮ್ ಪಡ್ ಗಯಾ, ಮ್ಯಾಡಮ್.” ಕಲ್ಲಿನಲ್ಲಿ ಜಾಗವಿರಲಿಲ್ಲವಂತೆ.

ಆಮೇಲೆ ಕೀರ್ತನೆ ಶುರುವಾಯಿತು. ನಿಮ್ಮ ಕಾಲದಲ್ಲಿ ವಾದ್ಯವಿರಲಿಲ್ಲ; ಪ್ರತಿ ಸಾಲನ್ನೂ ಮೊದಲು ನೀವೊಬ್ಬರೇ ಹಾಡುತ್ತಿದ್ದಿರಿ, ಮುಗಿದ ಮೇಲೆ ನಾವು ಹಾಡುತ್ತಿದ್ದೆವು. ಈಗ ಕೀಬೋರ್ಡು ಬಂದಿದೆ, ಮಕ್ಕಳು ಎಡೆಬಿಡದೆ ಹಾಡುತ್ತಾರೆ. ಆದರೆ ನಾವು ಹಳೆಯ ವಿದ್ಯಾರ್ಥಿಗಳು, ಯಾರೂ ಹೇಳದೆಯೇ, ಪ್ರತಿ ಸಾಲಿಗೂ ಮೊದಲು ಸುಮ್ಮನೆ ನಿಂತೆವು. ನಿಮ್ಮ ದನಿ ಮುಗಿಯುವಷ್ಟು ಹೊತ್ತು ಕಾದು ಬಾಯಿ ತೆರೆದೆವು. ಕೀಬೋರ್ಡಿನವನು ತಬ್ಬಿಬ್ಬಾಗಿ ಕೈ ಎತ್ತಿಬಿಟ್ಟ, ಮಕ್ಕಳೂ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಸುಲೋಚನಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವಳಿಗೂ ಕೇಳಿಸಿರಬೇಕು.

ವಾಪಸು ಬರುವಾಗ ನೌಪಾಡಾದ ನಿಮ್ಮ ಮನೆ ಮುಂದೆ ನಿಂತೆ. ಶಾಲೆಯಿಂದ ಅಲ್ಲಿಗೆ ಇಷ್ಟು ಹತ್ತಿರವೆಂದು ನಾನು ಮರೆತೇಬಿಟ್ಟಿದ್ದೆ. ಬಾಗಿಲ ಮೇಲೆ ಬೇರೆಯವರ ಹೆಸರಿದೆ.

ಟ್ರಸ್ಟಿಗಳು ಅದೇ ಸಭಾಂಗಣದಲ್ಲಿ, ಈಗ ಅಲ್ಲಿ ಓದುತ್ತಿರುವ ಹುಡುಗಿಯರ ಎದುರು ನಿಂತು ಹೇಳಲಿ: ಇವರನ್ನು ಒಳಗೆ ಕರೆದವರು ಯಾರು?