ಮಗುವಿಗೆ ನಿನ್ನ ಹೆಸರು

ಶಿಫ್ರಕ್ಕಾ,

ಇವತ್ತು ಹೈಫಾದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಮೊಮ್ಮಗಳು ನೋಗಾ ತನ್ನ ಮಗಳಿಗೆ ಹೆಸರಿಟ್ಟಳು. ನಿನ್ನ ಹೆಸರು. ನನಗೆ ಹೊಟ್ಟೆ ಉರಿಯಿತು.

"ನಿನ್ನನ್ನ ಎತ್ತಿ ಆಡಿಸಿದ್ದು ನಾನು. ನನ್ನ ಹೆಸರು ಬೇಡವಾಯ್ತಾ?" ಅಂದೆ.

"ನಮ್ಮ ಯೆಹೂದಿಗಳಲ್ಲಿ ಬದುಕಿರೋರ ಹೆಸರು ಇಡಬಾರದು ಅಂತ ನೀನೇ ಹೇಳಿಕೊಟ್ಟಿದ್ದಲ್ವಾ ಅಜ್ಜಿ? ನೀನು ಹೋಗೋಕೆ ಸ್ವಲ್ಪ ಅವಸರ ಮಾಡಿದ್ದಿದ್ರೆ ನಿಂದೇ ಇಡ್ತಿದ್ವಿ" ಅಂತ ನಕ್ಕಳು.

ಮೊದಲಿಂದಲೂ ಹೀಗೇ. ಶುಕ್ರವಾರದ ಮೀನಿನಲ್ಲಿ ಒಳ್ಳೆ ತುಂಡನ್ನು ಅಮ್ಮ ನಿನಗೇ ಬಡಿಸುತ್ತಿದ್ದಳು. ಜರ್ಮನರು ನಮ್ಮನ್ನು ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಸುವಾಗ ಹಳದಿ ಪುಡಿ ಎಲ್ಲರ ಮೈಗೂ ಹತ್ತಿತ್ತು. ನಾನು ಕಾಮಾಲೆ ಬಂದವಳ ಹಾಗೆ ಕಂಡರೆ ನೀನು ಮದುಮಗಳ ಹಾಗೆ ಕಾಣುತ್ತಿದ್ದೆ. ಅಲ್ಲೂ ಹೆಂಗಸರು ನಿನ್ನ ಪಕ್ಕ ಮಲಗಲು ಜಗಳವಾಡುತ್ತಿದ್ದರು. ಈಗಲೂ ನಿನಗೆ ಇಪ್ಪತ್ತೇ ವರ್ಷ. ಮಂಡಿನೋವು ನನಗೆ.

ನಾನು ಜ್ವರದಲ್ಲಿ ಮಲಗಿದ್ದಾಗ, ಕಾಯಿಲೆಯವರನ್ನು ಸಾಗಿಸಲು ಲಾರಿ ಬಂತು, ಹತ್ತಿದವರು ಯಾರೂ ಜೀವಂತ ಮರಳದ ಲಾರಿ. ಕಾವಲಿನವಳು "ಪೆರ್ಲಾ" ಅಂತ ನನ್ನ ಹೆಸರು ಕೂಗಿದಳು. "ಇದ್ದೀನಿ" ಅಂದದ್ದು ನೀನು. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಹೆಸರು ತಗೊಂಡು ನೀನೇ ಲಾರಿ ಹತ್ತಿದೆ. ಯುದ್ಧ ಮುಗಿಯುವವರೆಗೂ ಹಾಜರಿಯಲ್ಲಿ ನಿನ್ನ ಹೆಸರಿಗೆ ನಾನು ಓಗೊಟ್ಟೆ.

ಇವತ್ತು ರಬ್ಬಿ ಗಟ್ಟಿಯಾಗಿ "ಶಿಫ್ರಾ" ಅಂದರು. ಮಗು ನಿದ್ದೆಯಲ್ಲಿತ್ತು.

ನಾನು ಎದ್ದು ನಿಂತು "ಇದ್ದೀನಿ" ಅಂದುಬಿಟ್ಟೆ.